ಅಕ್ಕನ ಕೈಗೆ ಬಂದ ಜಾಡಿ

ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಜಾಡಿಗೆ ದೇವರ ಗೂಡಿಗಿಂತ ಹೆಚ್ಚು ಮಡಿ. ತಿಂಗಳು ತಿಂಗಳು ಮುಟ್ಟಾಗುವ ಹೆಂಗಸು ಅದರ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚುವಂತಿರಲಿಲ್ಲ. ಬಿಚ್ಚಿದರೆ ಬೂಷ್ಟು ಹಿಡಿಯುತ್ತದೆ ಎಂದು ಅತ್ತೆ ನಂಬಿದ್ದರು. ನಾನೂ ನಮ್ಮಕ್ಕನೂ ಹಿರೀಸಾವೆಯ ಹತ್ತಿರದ ಊರಿನಿಂದ ಹೊಳೆನರಸೀಪುರದ ಒಂದೇ ಮನೆಗೆ, ಅಣ್ಣತಮ್ಮಂದಿರಿಗೆ ಹೆಂಡಿರಾಗಿ ಬಂದವರು. ಇಪ್ಪತ್ತೈದು ವರ್ಷ ಇಬ್ಬರೂ ಜಾಡಿಯಿಂದ ಒಂದು ಮಾರು ದೂರ ನಿಂತು, ಅತ್ತೆ ಬಡಿಸಿದಷ್ಟನ್ನು ನೆಕ್ಕಿಕೊಂಡು ಬಾಳ್ವೆ ಮಾಡಿದೆವು.

ಅಕ್ಕನಿಗೆ ಐವತ್ತು ಹತ್ತಿರವಾದಾಗ ಮುಟ್ಟು ನಿಂತಿತು. ಒಂದು ವರ್ಷ ಕಾದು ನೋಡಿ, ಇನ್ನು ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅತ್ತೆ ಕರೆದು ಹೇಳಿದರು.

"ಇನ್ಮೇಕೆ ಜಾಡಿ ನಿಂದೇ ಕಣವ್ವ. ನನ್ ಕೈಲಿ ಆಗಾಕಿಲ್ಲ."

ಅಕ್ಕನ ಮುಖ ನೋಡಬೇಕಿತ್ತು. ಮಂತ್ರಿಗಿರಿ ಸಿಕ್ಕಿದವರೂ ಅಷ್ಟು ಹಿಗ್ಗಿರಲಾರರು. ಅವತ್ತಿನಿಂದ ನಿಂಬೆ, ಹೇರಳೆ, ಮಾವು ಎಲ್ಲದರ ಉಸ್ತುವಾರಿ ಅವಳದೇ. ಉಪ್ಪುನೀರನ್ನು ಅಂಗೈಗೆ ಸುರಿದುಕೊಂಡು ನಾಲಿಗೆಗೆ ಹಚ್ಚುವಳು, ಸಾಲದು ಎಂದು ಇನ್ನೊಂದು ಹಿಡಿ ಹಾಕುವಳು, ಮತ್ತೆ ರುಚಿ ನೋಡುವಳು. ಮೊಸರನ್ನಕ್ಕೆ ಎರಡೆರಡು ಹೋಳು. ನಾನು "ಜಾಡಿಯೊಳಗೇ ಇಳಿದುಬಿಡು" ಎಂದು ರೇಗಿಸುತ್ತಿದ್ದೆ.

ಅದೇ ಹೊತ್ತಿಗೆ ಅವಳಿಗೆ ಮೈ ಬಿಸಿಯಾಗುವುದು ಶುರುವಾಗಿತ್ತು. ಇದ್ದಕ್ಕಿದ್ದಂತೆ ಕತ್ತು, ಕೆನ್ನೆ ಕೆಂಪಗಾಗಿ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ಫ್ಯಾನಿನ ಕೆಳಗೆ ನಿಲ್ಲುತ್ತಿದ್ದಳು. ಬೆಳಿಗ್ಗೆ ಎದ್ದರೆ ಹಿಂದಲೆ ನೋವು. ನನಗೆ ಎಲ್ಲಕ್ಕೂ ಒಂದೇ ಉತ್ತರ: ನಿಲ್ಲೋ ಕಾಲದಲ್ಲಿ ಎಲ್ಲರಿಗೂ ಆಗುತ್ತೆ, ಉಷ್ಣ. ಔಷಧಿಯೂ ಒಂದೇ, ಮಜ್ಜಿಗೆ. ಶಾಲೆಯಿಂದ ಬಂದ ತಕ್ಷಣ ದೊಡ್ಡ ಲೋಟದಲ್ಲಿ ಮಜ್ಜಿಗೆ ಬೆರೆಸಿ, ಇಂಗು ಹಾಕಿ, ಧಾರಾಳವಾಗಿ ಉಪ್ಪು ಹಾಕಿ ಕೊಡುತ್ತಿದ್ದೆ. ಪ್ರೀತಿಯಿಂದಲೇ ಕೊಡುತ್ತಿದ್ದೆ. 

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಹದಿಹರೆಯದ ಪಾಠ ಬಂದಾಗ ಬೋರ್ಡಿನ ಮೇಲೆ ಈಸ್ಟ್ರೋಜನ್ ಎಂದು ದಪ್ಪಕ್ಷರದಲ್ಲಿ ಬರೆಯುತ್ತಿದ್ದವಳು. ಅದು ಶುರುವಾದಾಗ ಏನೇನಾಗುತ್ತದೆ ಎಂದು ಮುಕ್ಕಾಲು ಗಂಟೆ ಕೊರೆಯುತ್ತಿದ್ದೆ. ಅದು ಇಳಿದಾಗ ಏನಾಗುತ್ತದೆ ಎಂದು ಯಾವ ಹುಡುಗಿಯೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಒಂದು ದಿನ ನಮ್ಮ ಶಾಲೆಯಲ್ಲಿ ಆರೋಗ್ಯ ತಪಾಸಣೆ ಇಟ್ಟಿದ್ದರು. ನಾನು ಮರೆತುಹೋಗಿದ್ದ ಊಟದ ಡಬ್ಬಿ ಕೊಡಲು ಬಂದ ಅಕ್ಕನನ್ನು ಹಿಡಿದು ಕೂರಿಸಿದೆ. ನರ್ಸಮ್ಮ ತೋಳಿಗೆ ಪಟ್ಟಿ ಕಟ್ಟಿ ನೋಡಿದರು. ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಿದರು. ಎರಡು ಸಲವೂ ನೂರ ಅರವತ್ತರ ಮೇಲೆಯೇ ಇತ್ತು.

"ಮೇಡಂ, ಬಿಪಿ ಜಾಸ್ತಿ ಐತೆ. ಸೋಮವಾರ ಆಸ್ಪತ್ರೆಗೆ ನೀವೇ ಕರ್ಕೊಂಡ್ ಬನ್ನಿ" ಎಂದು ಚೀಟಿಯನ್ನು ನನ್ನ ಕೈಗೇ ಕೊಟ್ಟರು.

"ಬಿಸ್ಲಲ್ಲಿ ನಡ್ಕೊಂಡ್ ಬಂದವ್ಳೆ, ಅದಕ್ಕೆ ಇರ್ಬೇಕು ಸಿಸ್ಟರ್" ಎಂದೆ. ಅಕ್ಕ ಮನೆಗೆ ಬಂದ ಮೇಲೆ ಮಾತ್ರೆ ತಗೋಬೇಕಾ ಎಂದಷ್ಟೇ ಕೇಳಿದಳು. "ಒಂದ್ಸಲ ಶುರು ಮಾಡಿದ್ರೆ ಸಾಯೋತನಕ ನುಂಗ್ಬೇಕಾಗುತ್ತೆ, ಅವಸರ ಬೇಡ" ಎಂದು ಪಂಡಿತಳ ಹಾಗೆ ಹೇಳಿದೆ.

ಸೋಮವಾರದ ಹೊತ್ತಿಗೆ ಅರಕಲಗೂಡಿನ ನೆಂಟರ ತೋಟದಿಂದ ಎರಡು ಚೀಲ ಮಾವಿನಕಾಯಿ ಬಂದಿತ್ತು. ಶಾಲೆಯಲ್ಲಿ ವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳು ರಾಶಿ ಬಿದ್ದಿದ್ದವು. ಚೀಟಿ ನನ್ನ ಟಿಪ್ಪಣಿ ಪುಸ್ತಕದಲ್ಲಿತ್ತು. ಅದು ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮುಂದಿನ ವಾರ ಹೋದರಾಯಿತು ಅಂದುಕೊಂಡೆ. ಆ ಸೋಮವಾರ ಬೆಳಿಗ್ಗೆ ಶಾಲೆಗೆ ಹೊರಡುವಾಗ ನೋಡಿದರೆ ಅಕ್ಕ ಹಜಾರದಲ್ಲಿ ಈಳಿಗೆಮಣೆಯ ಮುಂದೆ ಕೂತಿದ್ದಳು, ಮದುವೆ ಮನೆಗೆ ಉಡುವ ನೀಲಿ ಸೀರೆಯಲ್ಲಿ.

"ಕಾಯಿ ಹೆಚ್ಚಾಕೆ ಈ ಸೀರೆ ಯಾಕೆ ಉಟ್ಕೊಂಡೆ? ಸೊನೆ ಕರೆ ಹೋಗಲ್ಲ, ಬಿಚ್ಚಿಡು" ಎಂದು ನಕ್ಕು ಚಪ್ಪಲಿ ಮೆಟ್ಟಿದೆ. ಅವಳೂ ನಕ್ಕಳು. ಸಾಯಂಕಾಲ ಬಂದಾಗ ಹಳೇ ಸೀರೆಯಲ್ಲಿದ್ದಳು, ಜಾಡಿ ತುಂಬಿತ್ತು. ಮುಂದಿನ ವಾರ ಬರಲೇ ಇಲ್ಲ.

ಆ ಮಾವಿನಕಾಯಿ ಹದಕ್ಕೆ ಬಂದ ತಿಂಗಳೇ, ಮಧ್ಯಾಹ್ನದ ಊಟಕ್ಕೆ ಬಡಿಸುತ್ತಿದ್ದ ಅಕ್ಕನ ಕೈಯಿಂದ ಸೌಟು ಜಾರಿತು. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಹಾಸನದ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮಾತು ನಿಂತು ಬಲಗೈ ಬಿದ್ದುಹೋಗಿತ್ತು.

ಅಲ್ಲಿನ ಡಾಕ್ಟರು ನನ್ನ ಶಿಷ್ಯೆಯರ ವಯಸ್ಸಿನ ಹುಡುಗಿ. ನಿಲ್ಲಿಸಿಕೊಂಡು ಪಾಠ ಹೇಳಿದಳು. ಈಸ್ಟ್ರೋಜನ್ ಹಾರ್ಮೋನು ಇರುವಷ್ಟು ದಿನ ರಕ್ತನಾಳಗಳು ಸಡಿಲವಾಗಿ, ಮೆತ್ತಗೆ ಇರಲು ಸಹಾಯ ಮಾಡುತ್ತದಂತೆ. ಅದು ಇಳಿದ ಮೇಲೆ ನಾಳಗಳು ಬಿರುಸಾಗುತ್ತವೆ, ಮೊದಲು ತಡೆಯುತ್ತಿದ್ದ ಉಪ್ಪನ್ನೇ ಮೈ ತಡೆಯದೆ ಹೋಗಬಹುದು, ಒತ್ತಡ ಮೇಲೇರುತ್ತದೆ. ವಯಸ್ಸು, ವಂಶ, ತೂಕ ಎಲ್ಲವೂ ಅದಕ್ಕೆ ಸೇರಿಕೊಳ್ಳುತ್ತವೆ. "ಬರೀ ಉಪ್ಪಿಂದ ಆಯ್ತು ಅಂತಲ್ಲ ಮೇಡಂ. ಆದ್ರೆ ಎಲ್ಲಾನೂ ನಿಲ್ಲೋ ಕಾಲದ ಮೇಲೆ ಹಾಕಿ ಬಿಪಿ ನೋಡಿಸ್ದೇ ಇರ್ತೀರಲ್ಲ, ಅದು ತಪ್ಪು" ಎಂದಳು. 

ಈಗ ಅತ್ತೆ ಇಲ್ಲ. ನನ್ನದೂ ನಿಂತು ವರ್ಷವಾಯಿತು. ಜಾಡಿ ಲೆಕ್ಕಪ್ರಕಾರ ನನಗೆ ಬರಬೇಕಿತ್ತು, ಅದನ್ನು ಅಟ್ಟಕ್ಕೆ ಹಾಕಿದೆ. ಅಕ್ಕನ ಸೊಸೆ ತನಗೆ ಬಿಡುವಾದಾಗ, ಮುಟ್ಟಿನ ದಿನವಾದರೂ ಸರಿಯೇ, ಉಪ್ಪು ಕಡಿಮೆ ಹಾಕಿ ಪುಟ್ಟ ಬಾಟಲಿಯಷ್ಟು ಮಾಡಿ ಫ್ರಿಜ್ಜಿನಲ್ಲಿಡುತ್ತಾಳೆ. ಬೂಷ್ಟು ಇದುವರೆಗೆ ಬಂದಿಲ್ಲ.

ಅಕ್ಕನ ಮಾತು ನಿಧಾನವಾಗಿ ಮರಳಿದೆ, ಬಲಗೈ ಮರಳಿಲ್ಲ. ಸೋಮವಾರ ಬೆಳಿಗ್ಗೆ ನನ್ನ ಬಿಪಿ ನೋಡುವುದು ಅವಳ ಕೆಲಸ. ಪಟ್ಟಿಯನ್ನು ನಾನೇ ಸುತ್ತಿಕೊಂಡರೆ, ಎಡಗೈಯಿಂದ ಮೆಷಿನ್ನಿನ ಗುಂಡಿ ಅವಳು ಒತ್ತುತ್ತಾಳೆ. ಇಷ್ಟು ವರ್ಷ ನಾನು ನನಗೇ ಒಂದು ಸಮಾಧಾನ ಹೇಳಿಕೊಂಡಿದ್ದೆ: ಅಕ್ಕ ಹಟಮಾರಿ, ಮಾವಿನಕಾಯಿ ಬಿಟ್ಟು ಕರೆದರೂ ಬರುತ್ತಿರಲಿಲ್ಲ ಎಂದು. ಹೋದ ವಾರ ಅದನ್ನೇ ಬಾಯಿಬಿಟ್ಟು ಕೇಳಿದೆ.

"ಆ ಸೋಮವಾರ ಕರ್ದಿದ್ರೂ ನೀನು ಬತ್ತಿರ್ಲಿಲ್ಲ ಅಲ್ವೇನಕ್ಕ?"

ಅವಳು ಗುಂಡಿಯ ಮೇಲಿದ್ದ ಬೆರಳು ತೆಗೆಯಲಿಲ್ಲ. ಸಿಟ್ಟೂ ಇರಲಿಲ್ಲ.

"ಆಸ್ಪತ್ರೆಗೆ ಅಂತಲೇ ನೀಲಿ ಸೀರೆ ಉಟ್ಕೊಂಡಿದ್ನಲ್ಲೇ" ಎಂದಳು. "ನೀನು ಬಿಚ್ಚಿಡು ಅಂದೆ."