ವಾರ್ಡನ್ ಮೇಡಂಗೊಂದು ರೂಮು

ಬೆಳಕು ಇನ್ನೂ ಹರಿದಿಲ್ಲ. ಎರಡು ಕೋಣೆಯ ಮನೆಯೊಳಗೆ ಎಂಬತ್ತು ದಾಟಿದ ಹೆಂಗಸೊಬ್ಬರು ಕೈ ಹಿಂದಕ್ಕೆ ಕಟ್ಟಿಕೊಂಡು ಗಸ್ತು ತಿರುಗುತ್ತಿದ್ದಾರೆ. ಅಡುಗೆಮನೆಯ ಬಾಗಿಲು ತಟ್ಟುತ್ತಾರೆ.

"ಏಳನೇ ರೂಮು, ಎದ್ರಾ?"

"ಎದ್ವಿ ಮೇಡಂ." ಸಣ್ಣ ದನಿ.

ಬಚ್ಚಲಮನೆಯ ಬಾಗಿಲು. "ಎಂಟು?"

"ಮುಖ ತೊಳೀತಾ ಇದೀವಿ ಮೇಡಂ." ದನಿ ಈಗ ಸ್ವಲ್ಪ ದಪ್ಪ.

ಬಟ್ಟೆಯ ಬೀರು. "ಒಂಬತ್ತು? ಒಂಬತ್ತನೇ ರೂಮಿಗೆ ಬೆಳಗಾಗೋದೇ ಇಲ್ವಾ?"

"ರಾತ್ರಿ ಓದ್ತಾ ಕೂತಿದ್ವಿ ಮೇಡಂ."

"ಓದಿದ್ದಲ್ಲ, ಹರಟೆ ಹೊಡೆದಿದ್ದು. ನನ್ನ ಕಿವಿ ಇನ್ನೂ ನೆಟ್ಟಗಿದೆ."

ಮೂರು ರೂಮಿನ ಹುಡುಗಿಯರೂ ಒಬ್ಬರೇ. ಐವತ್ತು ದಾಟಿದ, ಗಿಡ್ಡನೆಯ, ಸ್ವೆಟರಿನ ತೋಳು ಮೊಣಕೈವರೆಗೆ ಏರಿಸಿಕೊಂಡ ಹೆಂಗಸು. ಮೇಡಂ ಹೋದಲ್ಲೆಲ್ಲ ಒಂದು ಹೆಜ್ಜೆ ಹಿಂದೆ ಇರುತ್ತಾರೆ. ಒಂದು ಕೈ ಮೇಡಂ ಅವರ ಮೊಣಕೈಯ ಹತ್ತಿರವೇ ಇರುತ್ತದೆ, ಆದರೆ ಮುಟ್ಟುವುದಿಲ್ಲ. ಮುಟ್ಟಿದರೆ ಬೈಗುಳ ಖಂಡಿತ.

ಬೀದಿಯವರು ಇವರಿಗೆ ಬಾಲಕ್ಕ ಎನ್ನುತ್ತಾರೆ. ಮೇಡಂ ಮುಂದೆ, ಬಾಲ ಹಿಂದೆ. ಹೆಸರು ಇಟ್ಟವನು ಮೂಲೆಯ ಅಂಗಡಿಯವನು. ಬೇಸರವಾಗುವುದಿಲ್ಲವೇ ಎಂದರೆ ನಗುತ್ತಾರೆ. "ಅನ್ಲಿ ಬಿಡಿ. ಬಾಲ ಇಲ್ದಿದ್ರೆ ಹಸುಗೆ ನೊಣ ಓಡಿಸೋರು ಯಾರು?"

ಮೇಡಂ ಅವಿವಾಹಿತೆ. ಹೆಣ್ಣುಮಕ್ಕಳ ಹಾಸ್ಟೆಲ್ ಒಂದರಲ್ಲಿ ಕೆಲಸಕ್ಕೆ ಸೇರಿ, ನಿವೃತ್ತಿಯವರೆಗೂ ಅಲ್ಲೇ ವಾರ್ಡನ್ ಆಗಿದ್ದವರು. ಮರೆವಿನ ಕಾಯಿಲೆ ಬಂದ ಮೇಲೆ ಅಣ್ಣನ ಮಗಳ ಮನೆಗೆ ಬಂದಿದ್ದಾರೆ. ಕಾಯಿಲೆ ನಿನ್ನೆಯದನ್ನು ಮೊದಲು ತಿಂದಿತು, ಆಮೇಲೆ ಮೊನ್ನೆಯದನ್ನು. ಹಾಸ್ಟೆಲ್ ಮಾತ್ರ ಉಳಿದಿದೆ. ಅಣ್ಣನ ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಅವರು ಬೆಳಗ್ಗೆ ಹೊರಟರೆ ಸಂಜೆ ಬರುವವರೆಗೂ ಅತ್ತೆಯ ಜೊತೆ ಇರುವವರು ಬಾಲಕ್ಕ. ಈಚೆಗೆ ರಾತ್ರಿಯೂ ಅವರೇ.

ಸ್ನಾನ ಮಾಡಿಸುವುದು, ಉಣಿಸುವುದು, ಬಟ್ಟೆ ಬದಲಿಸುವುದು ಕೆಲಸದ ಅರ್ಧ. ಇನ್ನರ್ಧ ನಡೆಯುವುದು. ಮೇಡಂ ಕೂರುವುದಿಲ್ಲ. ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಆಮೇಲೆ ಬೀದಿಯ ತುದಿಗೆ. ಅಲ್ಲಿ ಗೇಟು ಹಾಕಿದೆಯೇ ನೋಡಬೇಕು. ಗೇಟು ಇಲ್ಲ. ಇಲ್ಲದ ಗೇಟನ್ನು ಬಾಲಕ್ಕ ಎಳೆದು ಚಿಲಕ ಹಾಕಿ ತೋರಿಸುತ್ತಾರೆ. ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮತ್ತೆ ಗೇಟಿನ ನೆನಪು. "ಒಂದು ದಿನ ಹದಿನಾಲ್ಕು ಸಲ ಹಾಕಿದೀನಿ. ಆ ಬೀದಿಗೆ ನಮ್ಮಷ್ಟು ಭದ್ರವಾದ ಗೇಟು ಇನ್ಯಾವುದೂ ಇಲ್ಲ."

ಬಾಲಕ್ಕ ಮೊದಲು ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುತ್ತಿದ್ದರು. ಮಾವನಿಗೆ ಲಕ್ವಾ ಹೊಡೆದಾಗ ಮನೆಯಲ್ಲಿ ನೋಡಿಕೊಳ್ಳುವವರು ಬೇರೆ ಇರಲಿಲ್ಲ. ಮಲಗಿದವರನ್ನು ನೋಯಿಸದೆ ಹೊರಳಿಸುವುದು, ನುಂಗಲಾಗದವರಿಗೆ ನೀರು ಕುಡಿಸುವುದು ಎಲ್ಲ ಆಗ ಬಂದ ವಿದ್ಯೆ. ಮಾವ ತೀರಿಕೊಂಡ ತಿಂಗಳೇ ಪಕ್ಕದ ಬೀದಿಯಿಂದ ಇಂಥದೇ ಕೆಲಸಕ್ಕೆ ಕರೆ ಬಂತು. "ನನಗೆ ಸರ್ಟಿಫಿಕೇಟ್ ಇಲ್ಲ. ಮಾವನೇ ಮೇಷ್ಟ್ರು. ಸಿಟ್ಟಿನ ಮೇಷ್ಟ್ರು."

ಕಳೆದ ತಿಂಗಳು ಬಚ್ಚಲಲ್ಲಿ ಮೇಡಂ ಜಾರಿದರು. ಹಿಡಿಯಲು ಹೋದ ಬಾಲಕ್ಕನೂ ಬಿದ್ದರು. ಮೂಳೆ ಯಾರದ್ದೂ ಮುರಿಯಲಿಲ್ಲ. ಆದರೆ ಬಾಲಕ್ಕನ ಸೊಂಟದಲ್ಲಿ ಹಳೆಯ ನೋವೊಂದು ಎದ್ದು ಕೂತಿದೆ. ಇನ್ನು ಯಾರನ್ನೂ ಎತ್ತಬಾರದು ಎಂದು ಡಾಕ್ಟರು ಹೇಳಿದ್ದಾರೆ. ಅಣ್ಣನ ಮಗಳಿಗೆ ಅದನ್ನು ಹೇಳಲು ಬಾಲಕ್ಕನಿಗೆ ಮೂರು ದಿನ ಬಾಯಿ ಬರಲಿಲ್ಲ. ನಾಲ್ಕನೇ ದಿನ ಪಾತ್ರೆ ತೊಳೆಯುತ್ತ ಗೋಡೆಗೆ ಮುಖ ಮಾಡಿ ಹೇಳಿದರಂತೆ: "ಇನ್ನು ನನ್ನ ಕೈಲಿ ಆಗಲ್ಲ. ಮತ್ತೊಂದು ಸಲ ಬಿದ್ರೆ ನಾನು ಅವರ ಮೇಲೇ ಬೀಳ್ತೀನಿ."

ವಯಸ್ಸಾದವರನ್ನು ಇಟ್ಟು ನೋಡಿಕೊಳ್ಳುವ ಹೋಮ್ ಹುಡುಕುವ ಮಾತು ಶುರುವಾದದ್ದು ಹೀಗೆ. ಬಾಲಕ್ಕ ಎರಡು ಷರತ್ತು ಹಾಕಿದರು. ನೋಡಲು ತಾನೂ ಬರುತ್ತೇನೆ. ಮೇಡಂ ಕೂಡ ಬರಬೇಕು.

ಮೊದಲನೆಯದಕ್ಕೆ ಕಾರಣವಿದೆ. ಇದಕ್ಕೆ ಮುಂಚಿನ ಮನೆಯಲ್ಲಿ ಅವರು ನೋಡಿಕೊಳ್ಳುತ್ತಿದ್ದುದು ಗಡಿಯಾರ ರಿಪೇರಿ ಮಾಡುತ್ತಿದ್ದ ತಾತನನ್ನು. ಮಕ್ಕಳು ಒಂದು ಜಾಗ ನೋಡಿ ಬಂದು, ಎದುರಿಗೇ ದೊಡ್ಡ ಮೀನಿನ ತೊಟ್ಟಿ ಇದೆ ಎಂದು ಹೊಗಳಿ, ಸೇರಿಸಿಬಿಟ್ಟರು. ಬಾಲಕ್ಕನನ್ನು ಯಾರೂ ಕೇಳಲಿಲ್ಲ. ತನ್ನನ್ನು ಕೇಳಬೇಕು ಎಂದು ಬಾಲಕ್ಕನಿಗೂ ಅನಿಸಿರಲಿಲ್ಲ. ತಾತ ಮನೆಯಲ್ಲೇ ಬಿಟ್ಟುಹೋದ ಬಾಚಣಿಗೆ ಕೊಡುವ ನೆಪ ಮಾಡಿ ಒಂದು ದಿನ ಅಲ್ಲಿಗೆ ಹೋದರು. ತಾತನನ್ನು ಬಟ್ಟೆಯ ಪಟ್ಟಿಯಿಂದ ಕುರ್ಚಿಗೆ ಕಟ್ಟಿದ್ದರು. ಬೀಳದಿರಲಿ ಎಂದು, ಎಂದರು ಅಲ್ಲಿಯವರು. "ಬಾಚಣಿಗೆ ಕೊಟ್ಟು ಬಂದೆ. ತಲೆ ಬಾಚಿದೆ, ಬಂದೆ. ಅಷ್ಟೇ ಮಾಡಿದ್ದು." ಈ ಮಾತು ಹೇಳುವಾಗ ಅವರು ಎದ್ದು ಹೋಗಿ ಒಣಗಿದ್ದ ಬಟ್ಟೆಯನ್ನು ಮತ್ತೆ ಮುಟ್ಟಿ ನೋಡುತ್ತಾರೆ.

ಎರಡನೆಯ ಷರತ್ತಿಗೆ ಅಣ್ಣನ ಮಗಳು ಒಪ್ಪಿರಲಿಲ್ಲ. ಅತ್ತೆ ಗಾಬರಿಯಾಗುತ್ತಾರೆ, ಎಲ್ಲ ನಿಶ್ಚಯವಾದ ಮೇಲೆ ನಿಧಾನವಾಗಿ ತೋರಿಸೋಣ ಎಂದರು. ಬಾಲಕ್ಕ ಕೇಳಿದ್ದು ಒಂದೇ: "ಚಪ್ಪಲಿ ತಗೊಳ್ಳೋಕೂ ಕಾಲು ಕರ್ಕೊಂಡು ಹೋಗ್ತೀವಿ. ರೂಮು ನೋಡೋಕೆ ಅವರನ್ನ ಬಿಟ್ಟು ಹೋಗೋದಾ?"

ಮೊದಲನೇ ಜಾಗದ ಹೊಸ್ತಿಲಲ್ಲೇ ಯಾರೂ ಎಣಿಸದ್ದು ನಡೆಯಿತು. ಸಾಲು ಬಾಗಿಲು, ಸಾಲು ಮಂಚ ಕಂಡದ್ದೇ ಮೇಡಂ ಬೆನ್ನು ನೆಟ್ಟಗಾಯಿತು. ಇದು ಹಾಸ್ಟೆಲ್. ಹಾಸ್ಟೆಲಿಗೆ ಸೇರುವವರು ವಾರ್ಡನ್ ಅಲ್ಲ, ಹುಡುಗಿಯರು. ಪಕ್ಕದಲ್ಲಿದ್ದ ಹುಡುಗಿ ಬಾಲಕ್ಕ.

"ಇವಳೇ ನೋಡಿ," ಎಂದು ಮ್ಯಾನೇಜರಿಗೆ ಪರಿಚಯಿಸಿದರು. "ಸ್ವಲ್ಪ ಮೊಂಡು. ಆದ್ರೆ ಕೈ ಶುದ್ಧ."

ಮ್ಯಾನೇಜರು ಬಾಲಕ್ಕನನ್ನು ಮೇಲಿಂದ ಕೆಳಗೆ ನೋಡಿದರು. ಅಣ್ಣನ ಮಗಳು ಬಾಯಿ ತೆರೆಯುವಷ್ಟರಲ್ಲಿ ಬಾಲಕ್ಕ ಅವರ ತೋಳು ಚಿವುಟಿದರು. ಮೇಡಂ ಹಾಸಿಗೆ ಒತ್ತಿದರು. ದಿಂಬು ಮೂಸಿದರು. ನಲ್ಲಿ ತಿರುಗಿಸಿ ನೀರು ಬೆಚ್ಚಗಾಗುವವರೆಗೆ ಬೆರಳು ಹಿಡಿದು ನಿಂತರು. ಹೊರಬರುವಾಗ ಬಾಗಿಲಿನ ಎರಡೂ ಕಡೆ ಸವರಿ ನೋಡಿದರು. ಒಳಗೆ ಚಿಲಕವಿಲ್ಲ, ಹೊರಗಿದೆ.

"ಹೊರಗಡೆಯಿಂದ ಚಿಲಕ ಹಾಕೋದು ಉಗ್ರಾಣಕ್ಕೆ. ನಡಿ ಹುಡುಗಿ."

ಎರಡನೆಯದು ಕಣ್ಣಿಗೆ ಚೆಂದ. ನೆಲದಲ್ಲಿ ಮುಖ ಕಾಣುತ್ತದೆ. ಹಗಲು ಹನ್ನೊಂದು ಗಂಟೆಗೆ ಟೀವಿಯ ಮುಂದೆ ಸಾಲಾಗಿ ಕೂತವರೆಲ್ಲ ತಲೆ ವಾಲಿಸಿ ನಿದ್ದೆ. ಮೇಡಂ ಎರಡು ನಿಮಿಷ ನೋಡಿ ತಿರುಗಿದರು. "ಹುಡುಗಿಯರು ಇಷ್ಟು ಸುಮ್ಮನಿದ್ದಾರೆ ಅಂದ್ರೆ ಏನೋ ಎಡವಟ್ಟಾಗಿದೆ."

ಟ್ಯಾಕ್ಸಿಯಲ್ಲಿ ವಾಪಸು ಬರುವಾಗ ಅಣ್ಣನ ಮಗಳ ತಾಳ್ಮೆ ತಪ್ಪಿತು. "ಅತ್ತೆ, ಹೀಗೆ ಒಂದೊಂದಕ್ಕೂ ಮೂಗು ಮುರೀತಾ ಕೂತ್ರೆ ಎಲ್ಲಿ ಸೇರಿಸೋದು?"

"ನಿನಗೇನು? ಇರಬೇಕಾದವಳು ಇವಳು."

ಬಾಲಕ್ಕ ಕಿಟಕಿಯ ಕಡೆ ತಿರುಗಿಕೊಂಡರು. ಆಗ ನಗು ಬಂತು, ಎನ್ನುತ್ತಾರೆ. ರಾತ್ರಿ ಆ ನಗು ಬರಲಿಲ್ಲ. "ನನಗೋಸ್ಕರ ಇಷ್ಟು ಜೋಪಾನ ಮಾಡಿ ಯಾರೂ ಒಂದು ಜಾಗ ನೋಡಿರಲಿಲ್ಲ. ನಾನು ನೋಡಿದ್ರೆ ಅವರಿಗೆ ಮೋಸ ಮಾಡ್ತಾ ಇದೀನಿ."

ಮೂರನೆಯ ಜಾಗ ಟೈರ್ ಅಂಗಡಿಯ ಹಿಂದಿನ ಓಣಿಯಲ್ಲಿದೆ. ಗೋಡೆಯ ಬಣ್ಣ ಎದ್ದಿದೆ. ಇದನ್ನು ಬರೆಯುತ್ತಿರುವ ನಾನೂ ಈ ಸಲ ಅವರ ಜೊತೆಗಿದ್ದೆ. ನಾವು ಒಳಗೆ ಕಾಲಿಡುವಾಗ ಅಜ್ಜಿಯೊಬ್ಬರು ಟವೆಲ್ ಮಡಚುವ ಬಗ್ಗೆ ಆಯಾಳ ಜೊತೆ ಜಗಳಕ್ಕೆ ನಿಂತಿದ್ದಾರೆ. ಆಯಾ ಸೋತು, ಟವೆಲ್ ಕೊಟ್ಟು, "ನೀವೇ ಮಡಚಿ, ಇಪ್ಪತ್ತೂ ನಿಮ್ಮದೇ" ಎನ್ನುತ್ತಾಳೆ. ಮೇಡಂ ಅವಳನ್ನೇ ಹಿಡಿದರು.

"ಈ ಹುಡುಗಿ ರಾತ್ರಿ ಎದ್ದು ಕೂತ್ರೆ ಯಾರು ಬರ್ತಾರೆ?"

ಆಯಾ ಬಾಲಕ್ಕನನ್ನು ನೋಡಿದಳು, ಮೇಡಂ ಅವರನ್ನು ನೋಡಿದಳು. ಅರ್ಥವಾಯಿತು ಅನಿಸುತ್ತದೆ. "ನಾನು ಬರ್ತೀನಿ."

"ಬೈತೀಯಾ?"

"ನಿದ್ದೆ ಕೆಟ್ರೆ ಗೊಣಗ್ತೀನಿ. ಆದ್ರೆ ಬರ್ತೀನಿ."

ಮೇಡಂ ಹಾಸಿಗೆಯ ಮೇಲೆ ಕೂತರು. ಅವರು ತಾವಾಗಿ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. "ಇವಳು ಸುಳ್ಳು ಹೇಳಲ್ಲ. ನೀನು ಇಲ್ಲಿ ಇರಬಹುದು," ಎಂದರು ಬಾಲಕ್ಕನಿಗೆ.

ಅಣ್ಣನ ಮಗಳ ಉಸಿರು ಸಡಿಲವಾಯಿತು. ಇನ್ನೇನು, ಆಫೀಸಿಗೆ ಹೋಗಿ ಮಾತು ಮುಗಿಸುವುದು. ಅಷ್ಟರಲ್ಲಿ ಬಾಲಕ್ಕ ಸೊಂಟ ಹಿಡಿದುಕೊಂಡು ನೆಲದ ಮೇಲೆ, ಮೇಡಂ ಕಾಲ ಬಳಿ ಕೂತರು.

"ಮೇಡಂ, ಈ ರೂಮು ನನಗಲ್ಲ. ನಿಮಗೆ."

"ನನಗ್ಯಾಕೆ? ನಾನು ವಾರ್ಡನ್ನು."

"ಹೌದು. ಆದ್ರೆ ನಿಮಗೆ ಹುಷಾರಿಲ್ಲ. ನನ್ನ ಸೊಂಟ ಹೋಗಿದೆ. ಮನೇಲಿ ನಿಮ್ಮನ್ನ ಹಿಡ್ಕೊಳ್ಳೋಕೆ ಆಗ್ತಿಲ್ಲ."

ಮೇಡಂ ಎದ್ದರು. "ನನ್ನ ಕೇಳದೆ ಯಾರು ಗೊತ್ತು ಮಾಡಿದ್ದು?"

"ಇನ್ನೂ ಮಾಡಿಲ್ಲ. ಕೇಳೋಕೇ ಕರ್ಕೊಂಡು ಬಂದಿದ್ದು."

"ಹಾಗಾದ್ರೆ ಬೇಡ."

ಅಷ್ಟು ಹೇಳಿ ನಡೆಯತೊಡಗಿದರು. ಓಣಿಯಂಥ ಉದ್ದ ಪಡಸಾಲೆ, ಈ ತುದಿಯಿಂದ ಆ ತುದಿಗೆ. ಆಯಾ ಕರೆಯದೆಯೇ ಹಿಂದೆ ಹೊರಟಳು. ಬಾಲಕ್ಕ ಏಳಲಿಲ್ಲ. ಅಣ್ಣನ ಮಗಳು ಗೋಡೆಗೆ ಒರಗಿ, ತಗ್ಗಿದ ದನಿಯಲ್ಲಿ ಸಿಡಿದರು: "ಒಪ್ಪಿಕೊಂಡಿದ್ರಲ್ಲ ಅಕ್ಕ. ನಾಳೆ ಮರೆತೇ ಹೋಗೋ ಮಾತನ್ನ ಹೇಳಿ ಇವತ್ತು ಯಾಕೆ ನೋಯಿಸಿದ್ರಿ?"

"ಅವರು ಮರೀತಾರೆ. ನಾನು ಮರೆಯಲ್ವಲ್ಲ."

ಪಡಸಾಲೆಯ ಆ ತುದಿಯಲ್ಲಿ ಒಂದು ಸಣ್ಣ ಮೆಟ್ಟಿಲಿದೆ. ಮೇಡಂ ಅಲ್ಲಿ ತಡವರಿಸಿದರು, ತಿರುಗಿ ಬಾಲಕ್ಕನಿಗಾಗಿ ನೋಡಿದರು. ಬಾಲಕ್ಕನ ಕೈ ತಾನಾಗಿ ಮೇಲೆದ್ದಿತ್ತು. ಅದನ್ನು ಅವರು ಇನ್ನೊಂದು ಕೈಯಿಂದ ಹಿಡಿದು ಮಡಿಲಲ್ಲಿಟ್ಟುಕೊಂಡರು. ಮೇಡಂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಆಯಾಳ ತೋಳು ಹಿಡಿದು ಮೆಟ್ಟಿಲು ಇಳಿದರು. ಇಳಿದ ಮೇಲೆ ಅವಳಿಗೆ ಬೈದರು: ಮೆಟ್ಟಿಲಿಗೆ ಬಣ್ಣ ಬಳಿಯಬಾರದೇ?

ಮೇಡಂ ಹೂಂ ಅಂದಿಲ್ಲ, ಆದರೆ ಬೇರೆ ದಾರಿಯೂ ಇಲ್ಲ; ಅವರು ಆ ರೂಮಿಗೆ ಸೇರುವುದು ಸೋಮವಾರಕ್ಕೆ ನಿಶ್ಚಯವಾಗಿದೆ. ಮೊದಲ ಎರಡು ವಾರ ಬಾಲಕ್ಕ ಹಗಲು ಅಲ್ಲಿಗೆ ಹೋಗಿ ಕೂರಬಹುದು, ಎತ್ತುವ ಕೆಲಸಕ್ಕೆ ಕೈ ಹಾಕುವಂತಿಲ್ಲ. ಅಲ್ಲಿಯವರು ಒಪ್ಪಿದ್ದಾರೆ. ಮನೆಯಲ್ಲಿ ಈಗ ಹೊಸ ಪ್ರಶ್ನೆಯೊಂದು ಓಡಾಡುತ್ತಿದೆ. ಟೀ ಕುಡಿಯುತ್ತ, ಬೀದಿಯಲ್ಲಿ, ಬಟ್ಟೆ ಹಾಕಿಸಿಕೊಳ್ಳುತ್ತ ಮೇಡಂ ಕೇಳುತ್ತಾರೆ: "ನಿನಗೆ ರೂಮು ಸಿಕ್ತಾ?" ಬಾಲಕ್ಕ ಪ್ರತಿ ಸಲವೂ ಒಂದೇ ಉತ್ತರ ಕೊಡುತ್ತಾರೆ: "ಸಿಕ್ಕಿದ್ದು ನಿಮಗೆ ಮೇಡಂ." ಒಮ್ಮೆ ಬೈಗುಳ ಬರುತ್ತದೆ. ಒಮ್ಮೆ ಲೋಟ ಪಕ್ಕಕ್ಕೆ ಹೋಗುತ್ತದೆ. ನಿನ್ನೆ ಸಂಜೆ ಮಾತ್ರ "ಕಿಟಕಿ ಇದೆಯಾ?" ಎಂದರು. ಇದೆ ಎಂದರು ಬಾಲಕ್ಕ. ಅಣ್ಣನ ಮಗಳು ಇದು ನಡೆಯುವಾಗಲೆಲ್ಲ ಎದ್ದು ಹೊರಗಿನ ಮೆಟ್ಟಿಲಿಗೆ ಹೋಗುತ್ತಾರೆ. ಬಾಲಕ್ಕ ಮಾಡುತ್ತಿರುವುದು ಸರಿ ಎಂದು ಅವರಿಗೆ ಇನ್ನೂ ಅನಿಸಿಲ್ಲ. ಅವರು ಹೇಳುವುದೂ ಸರಿಯೇ ಇರಬಹುದು, ಎನ್ನುತ್ತಾರೆ ಬಾಲಕ್ಕ.

ಸೊಂಟ ಮಾತು ಕೇಳಿದರೆ, ಇನ್ನು ಮೇಲೆ ಕೂತು ಮಾಡುವ ಕೆಲಸ ಏನಾದರೂ ನೋಡಬೇಕು. ಅದರ ಬಗ್ಗೆ ಬಾಲಕ್ಕ ಹೆಚ್ಚು ಹೇಳುವುದಿಲ್ಲ. ಆಸೆ ಏನು ಎಂದು ಕೇಳಿದಾಗ, ಮೇಡಂ ಬಾಗಿಲಿನಿಂದ ಕಿಟಕಿಗೆ ಹೋಗಿ ಬರುವಷ್ಟು ಹೊತ್ತು ಯೋಚಿಸುತ್ತಾರೆ.

"ಎರಡು ವಾರ ಆದ್ಮೇಲೆ ಒಂದಿನ ನೋಡೋಕೆ ಹೋಗ್ತೀನಲ್ಲ, ಆಗ ಅವರು ನನ್ನ ನೋಡಿ 'ಯಾರಮ್ಮ ನೀನು' ಅಂತ ಕೇಳಬೇಕು. ಕೇಳಿ, ಆ ಆಯಾ ಎಲ್ಲಿ ಅಂತ ಹುಡುಕಬೇಕು. ಆಗ ಜಾಗ ಸರಿಯಾಗಿ ಆರಿಸಿದ್ವಿ ಅಂತ ನಾನು ಮನೆಗೆ ಬರಬಹುದು. ಹೊಟ್ಟೆ ಉರಿಯುತ್ತೆ, ಇಲ್ಲ ಅನ್ನಲ್ಲ." ಮೇಡಂ ಆಗಲೇ ಬಾಗಿಲ ಬಳಿ ಚಪ್ಪಲಿಗೆ ಕಾಲು ಹುಡುಕುತ್ತಿದ್ದಾರೆ. ಬಾಲಕ್ಕ ಸೊಂಟಕ್ಕೆ ಕೈ ಕೊಟ್ಟು ಏಳುತ್ತಾರೆ. "ಉರೀಲಿ."