ಸಾಲಿನಲ್ಲಿ ನಿಂತಿದ್ದ ಚೀಲ

ಸಂಡೂರಿನ ಅದಿರು ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ಕಾಲ. ಹೊಸಪೇಟೆಗೆ ಬಂದಿದ್ದ ವಸ್ತುಪ್ರದರ್ಶನದಲ್ಲಿ ಜೈಂಟ್ ವೀಲಿನ ಸಾಲು ನೋಡಿಕೊಳ್ಳುವ ಕೆಲಸ ನನ್ನದು. ನೂಕುನುಗ್ಗಲು ತಾಳಲಾರದೆ ಟೋಕನ್ ಪದ್ಧತಿ ತಂದವನೂ ನಾನೇ. ಚೀಟಿಯ ಮೇಲೆ ಸಮಯ ಬರೆದುಕೊಡುತ್ತಿದ್ದೆ. ಜನ ತಿರುಗಾಡಿಕೊಂಡು ಬಂದು ಆ ಹೊತ್ತಿಗೆ ನೇರ ಹತ್ತುತ್ತಿದ್ದರು. ಅವರಿಗೆ ಕಾಯುವುದು ತಪ್ಪಿತು. ಆದರೆ ತೊಟ್ಟಿಲುಗಳು ಮೊದಲಿನಷ್ಟೇ ಇದ್ದವಲ್ಲ, ಚೀಟಿ ಹಂಚಿ ಮುಗಿದ ಮೇಲೆ ಬಸ್ಸಿಳಿದು ಬಂದ ಹಳ್ಳಿಯವರ ಸಾಲು ಕದಲುವುದೇ ಕಷ್ಟವಾಯಿತು.

ಒಂದು ಸಂಜೆ ಆ ಸಾಲಿನ ನಡುವೆ ಮನುಷ್ಯರ ಬದಲು ಒಂದು ಕೈಚೀಲವಿತ್ತು. ರೇಷನ್ ಅಂಗಡಿ ಮುಂದೆ ಇಡುವ ಹಾಗೆ ಇಟ್ಟಿದ್ದರು. ಎತ್ತಿ ಪಕ್ಕಕ್ಕೆ ಹಾಕಿದೆ. ಕಂಬಕ್ಕೆ ಒರಗಿ ಕೂತಿದ್ದ ಮುದುಕಿಯೊಬ್ಬಳು ಎದ್ದು ಬಂದಳು.

"ಅದು ನನ್ನ ಪಾಳಿ, ತಮ್ಮಾ. ಮಣಕಾಲು ಭಾಳ ನೋಯ್ತಾವಂತ ಕುಂತಿದ್ದೆ."

"ಚೀಲ ಇಟ್ರ ನಡಿಯಂಗಿಲ್ಲಮ್ಮಾ. ಹಿಂದ ಹೋಗಿ ನಿಂದರ್ರಿ."

"ಅವರ ಚೀಟಿ ನಿಂತ್ರ ನಡಿತೈತಿ, ನನ್ನ ಚೀಲ ನಿಂತ್ರ ಯಾಕ ನಡಿಯಂಗಿಲ್ಲಪಾ?"

ಸಾಲಿನವರೆಲ್ಲ ನಕ್ಕರು. ಅವರು ನಕ್ಕಿದ್ದಕ್ಕೇ ನನಗೆ ಸಿಟ್ಟು ಬಂತು. ಅವಳನ್ನು ಸಾಲಿನ ಕೊನೆಗೆ ಕಳಿಸಿದೆ. ಒಂದು ತಾಸು ನಿಂತಳು. ಪಾಪಿನಾಯಕನಹಳ್ಳಿಯ ಕೊನೆಯ ಬಸ್ಸಿನ ಹೊತ್ತಾದಾಗ, "ಮ್ಯಾಲಿಂದ ನಮ್ಮೂರು ಕಾಣತೈತೇನೋ ನೋಡಬೇಕಂತಿದ್ದೆ" ಎಂದು ಪಕ್ಕದವಳಿಗೆ ಹೇಳಿ, ಚೀಲ ಎತ್ತಿಕೊಂಡು ಹೊರಟಳು. ಕರೆದು ಹತ್ತಿಸಬಹುದಿತ್ತು. ಕರೆಯಲಿಲ್ಲ.

ಈಗಲೂ ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ನಾನು ಕಿಟಕಿಯಿಂದ ಟವೆಲ್ ಎಸೆದೇ ಸೀಟು ಹಿಡಿಯುವುದು. ಇಷ್ಟು ವರ್ಷಗಳಲ್ಲಿ ಒಬ್ಬರೂ ಅದನ್ನು ಎತ್ತಿ ಪಕ್ಕಕ್ಕೆ ಹಾಕಿಲ್ಲ.