ಮೂರು ಸಲ ಹೇಳುತ್ತಿದ್ದ ಕಾಕಾ

ಕೈಯಲ್ಲಿ ಮೈಕ್ ಇಲ್ಲದಾಗಲೂ ಕಾಕಾನ ಬಲಗೈ ಮುಷ್ಟಿ ಗದ್ದದ ಕೆಳಗೇ ಇರುತ್ತಿತ್ತು. ಚಹಾ ಕುಡಿಯುವಾಗ ಎಡಗೈಯಲ್ಲಿ ಕಪ್ಪು, ಬಲಗೈ ಗದ್ದಕ್ಕೆ. ಬಸ್ಸಿಗೆ ಕಾಯುವಾಗಲೂ ಅದೇ ಭಂಗಿ, ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ತೂಕಡಿಸುವಾಗಲೂ ಅದೇ. ಮೈಕಿನ ಗುಂಡಿ ಒತ್ತಿ ಒತ್ತಿ ಹೆಬ್ಬೆರಳು ಜಡ್ಡುಗಟ್ಟಿ ಕಪ್ಪಾಗಿತ್ತು. ಊರಿಗೆಲ್ಲ ಅವರು ಅನೌನ್ಸ್ ಮಾಡುವ ಕಾಕಾ. ನನಗೂ ಅವರಿಗೂ ರಕ್ತಸಂಬಂಧವೇನಿಲ್ಲ. ಅಕ್ಕಿಆಲೂರಿನ ಬಸ್ ಸ್ಟ್ಯಾಂಡ್ ಎದುರು ನನ್ನದೊಂದು ಹೊಲಿಗೆ ಅಂಗಡಿ, ಅದರ ಮುಂದೆ ಅವರ ಆಟೋ ನಿಲ್ಲುತ್ತಿತ್ತು, ಅಷ್ಟೇ. ಅಷ್ಟರಿಂದಲೇ ಮನುಷ್ಯರು ಹೇಗೆ ಹತ್ತಿರವಾಗಿಬಿಡುತ್ತಾರೆ ನೋಡಿ.

ಆಟೋ ಅವರದಲ್ಲ. ಅವರ ಜೀವದ ಗೆಳೆಯನೊಬ್ಬನದು. ಗೆಳೆಯ ಓಡಿಸುವವನು, ಕಾಕಾ ಒದರುವವರು. ಮೇಲೆ ಎರಡು ಹಾರ್ನ್ ಸ್ಪೀಕರ್ ಕಟ್ಟಿಕೊಂಡು ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಅಂತ ಇಬ್ಬರೂ ತಿರುಗುತ್ತಿದ್ದರು. ನಾಳೆ ನಳ ಬರುವುದಿಲ್ಲ, ಯಾರದೋ ಎಮ್ಮೆ ಕಳೆದಿದೆ, ನಾಟಕದ ಕಂಪನಿ ಬಂದಿದೆ, ಇಂಥವರು ತೀರಿಕೊಂಡಿದ್ದಾರೆ, ಹಮಾಲರ ಮುಷ್ಕರವಿದೆ. ಸುದ್ದಿ ಏನೇ ಇರಲಿ, ಕೊನೆಗೆ ವೇಳೆ ಹೇಳಬೇಕು, ಸ್ಥಳ ಹೇಳಬೇಕು. ಅದನ್ನೂ ಮೂರು ಸಲ.

"ಮೂರು ಸಲ ಯಾಕ್ರಿ ಕಾಕಾ, ನಾವೇನು ಕಿವುಡರೇನು?" ಎಂದು ನಾನು ಕಾಲೆಳೆದರೆ ಅವರು ಗಂಭೀರವಾಗಿಯೇ ಉತ್ತರ ಕೊಡುತ್ತಿದ್ದರು.

"ಗಾಡಿ ನಿಲ್ಲಂಗಿಲ್ಲ ಯವ್ವಾ. ಒಂದ ಮನಿಗೆ ರುಂಡ ಕೇಳಸ್ತದ, ಒಂದ ಮನಿಗೆ ಮುಂಡ ಕೇಳಸ್ತದ. ಮೂರು ಸಲ ಹೇಳಿದ್ರ ಎಲ್ಲಾರಿಗೂ ಪೂರಾ ಸಿಗ್ತದ. ಮತ್ತ ಸ್ಥಳ ಹೇಳಲಿಲ್ಲಂದ್ರ ಅದು ಸುದ್ದೀನ ಅಲ್ಲ, ಬರೇ ಒದರಾಟ."

ಮೂಟೆ ಹೊರುವ ಹಮಾಲರ ಸಂಘದಲ್ಲೂ ಕಾಕಾ ಇದ್ದರು, ಅದರ ಕೆಂಪು ಬಾವುಟಗಳನ್ನು ನನ್ನ ಹತ್ತಿರವೇ ಹೊಲಿಸುತ್ತಿದ್ದರು. ಕೋಲು ತೂರಿಸುವ ಕಡೆ ಎರಡು ಹೊಲಿಗೆ ಬೀಳಲೇಬೇಕೆಂದು ಹಟ. ಒಂದು ಸಲ ನನಗೆ ಸಿಟ್ಟು ಬಂತು. "ಬಾವುಟ ಬಿಡ್ರಿ, ನಿಮ್ಮ ಅಂಗಿ ಕಾಲರ್ ನೋಡ್ಕೋರಿ ಮೊದಲ, ನಾಯಿ ಕಡದಂಗ ಆಗೇತಿ" ಅಂದೆ. ಕಾಕಾ ಕಾಲರ್ ಮುಟ್ಟಿ ನೋಡಿಕೊಂಡು, "ಇದು ನನಗ ಒಬ್ಬಂಗ ಯವ್ವಾ, ಅದು ಎಲ್ಲಾರಿಗೂ" ಅಂದರು. ಬೈಯುತ್ತಲೇ ಎರಡನೇ ಹೊಲಿಗೆ ಹಾಕಿಕೊಟ್ಟೆ.

ಈ ಕಸುಬು ಅವರಿಗೆ ಎಲ್ಲಿ ಸಿಕ್ಕಿತು ಎಂಬುದನ್ನು ಒಮ್ಮೆ ಮಾತ್ರ ಹೇಳಿದ್ದರು. ಹರೆಯದಲ್ಲಿ ಅವರು ಗೋವಾಕ್ಕೆ ದುಡಿಯಲು ಹೋಗಿದ್ದರಂತೆ. ನಮ್ಮ ಕಡೆಯವರು ಅಲ್ಲಿ ಗಾರೆ ಕಲಸುವುದು, ಕಲ್ಲು ಹೊರುವುದು ಹೊಸದೇನಲ್ಲ. ಸಮುದ್ರದ ದಂಡೆಯ ಜೋಪಡಿಗಳಲ್ಲಿ ಎಲ್ಲ ನಮ್ಮವರೇ. ಅಲ್ಲಿನವರಿಗೆ ಇವರು ಘಟ್ಟದ ಮೇಲಿನಿಂದ ಬಂದ ಘಾಟಿಗಳು, ಹೊಲಸು ಮಾಡುವವರು, ಕಳ್ಳರು. ಒಂದು ಬೆಳಿಗ್ಗೆ ಜೋಪಡಿ ಕೆಡವಲು ಯಂತ್ರಗಳು ಬಂದವು. ಮೊದಲು ನೋಡಿದವರು ಕಾಕಾ. ದಂಡೆಯುದ್ದಕ್ಕೂ ಓಡುತ್ತ, "ಕೆಡವಾಕ ಬಂದಾರ, ಕೂಸು ಕುನ್ನಿ ಹೊರಗ ತರ್ರಿ, ದೊಡ್ಡ ಆಲದ ಗಿಡದ ಕೆಳಗ ಬರ್ರಿ" ಎಂದು ಕೂಗಿದರಂತೆ. ಓಡುತ್ತ ಕೂಗಿದ್ದರಿಂದ ಮತ್ತೆ ಮತ್ತೆ ಹೇಳಬೇಕಾಯಿತು. ಮನೆಗಳೆಲ್ಲ ಹೋದವು, ಆದರೆ ಜನ ಗಿಡದ ಕೆಳಗೆ ಸೇರಿದ್ದರು, ಒಂದು ಕೂಸೂ ತಪ್ಪಿಹೋಗಲಿಲ್ಲ. "ನನ್ನ ಮೊದಲ ಅನೌನ್ಸ್ ಅದ" ಎಂದು ಹೇಳಿ ಕಾಕಾ ಎದ್ದು ಹೋದರು.

ಹೀಗಾಗಿ ಹೊರಗಿನಿಂದ ಬಂದವರ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಕಾಕಾ ಉರಿದುಬೀಳುತ್ತಿದ್ದರು. ನಮ್ಮ ಕಡೆಯ ಅಕ್ಕಿ ಮಿಲ್ಲು, ಮೆಕ್ಕೆಜೋಳದ ಗೋದಾಮುಗಳಲ್ಲಿ ಈಗ ಮೂಟೆ ಹೊರುವವರು ಬಿಹಾರದವರು, ಒಡಿಶಾದವರು, ಬಂಗಾಳದವರು. ಅವರನ್ನು ಊರು ಬಿಡಿಸಬೇಕೆಂದು ಒಂದು ಮೆರವಣಿಗೆ ಹೊರಟಾಗ, ಅನೌನ್ಸ್ ಮಾಡಲು ಕಾಕಾನನ್ನೇ ಕರೆದರು. "ಎಮ್ಮಿ ಕಳದದ್ದು ಒದರ್ತೇನಿ, ಮನುಷ್ಯಾರನ್ನ ಕಳೀರಿ ಅಂತ ಒದರಂಗಿಲ್ಲ" ಎಂದರು. ಅವತ್ತಿನಿಂದ ದೊಡ್ಡವರ ಕೆಲಸಗಳು ಅವರ ಆಟೋಕ್ಕೆ ಬರುವುದು ನಿಂತವು. ಎಲ್ಲರೂ ರೆಕಾರ್ಡ್ ಮಾಡಿದ ಹೆಣ್ಣುದನಿಯನ್ನು ಹಾಕಿಕೊಂಡು ತಿರುಗತೊಡಗಿದರು.

ಆಗ ಕಾಕಾ ಫೋನು ಹಿಡಿದರು. ಸಂಘದವರು ಕೊಡಿಸಿದ್ದು. ಮುಂಜಾನೆ ನನ್ನ ಅಂಗಡಿಯ ಕಟ್ಟೆಯ ಮೇಲೆ ಫೋನನ್ನು ನೂಲಿನ ಡಬ್ಬಿಗೆ ಆನಿಸಿ, ಗದ್ದದ ಕೆಳಗೆ ಮುಷ್ಟಿ ಇಟ್ಟು, ಲೈವ್ ಬರುತ್ತಿದ್ದರು. "ಸಮಸ್ತ ನಾಗರಿಕರಲ್ಲಿ ವಿನಂತಿ" ಎಂದು ಶುರು. ಕೂಲಿ ಕೊಡದ ಗುತ್ತಿಗೆದಾರರ ಮೇಲೆ, ಸರಕಾರದ ಮೇಲೆ, ಹೊರಗಿನವರ ಆಧಾರ್ ಕಾರ್ಡು ಕೇಳುವ ಬೀದಿ ಪುಂಡರ ಮೇಲೆ ಹರಿಹಾಯುತ್ತಿದ್ದರು, ಯಾರನ್ನೂ ಬಿಡುತ್ತಿರಲಿಲ್ಲ. ಅಲ್ಲೂ ಮೂರು ಸಲ. ಹುಡುಗರು ಅದನ್ನೇ ಕತ್ತರಿಸಿ, ಹಾಡು ಸೇರಿಸಿ, ನಗೆಯ ರೀಲ್ ಮಾಡಿ ಬಿಟ್ಟರು. ಕೆಳಗೆ ಬರುತ್ತಿದ್ದ ಕಾಮೆಂಟುಗಳೋ, ದೇವರೇ, ಓದಿದರೆ ಬಾಯಿ ತೊಳೆದುಕೊಳ್ಳಬೇಕು. ಕಾಕಾ ಕನ್ನಡಕ ಏರಿಸಿ ಒಂದೊಂದನ್ನೂ ಗಟ್ಟಿಯಾಗಿ ಓದಿ ಉತ್ತರ ಕೊಡುತ್ತಿದ್ದರು. ಒಂದು ದಿನದ ಉತ್ತರ ನನಗೆ ಇನ್ನೂ ಕಿವಿಯಲ್ಲಿದೆ. "ಸರ್, ನೀವು ನಮ್ಮ ಅವ್ವನ್ನ ಬೈದೀರಿ. ಆಕಿ ತೀರಿಕೊಂಡಾಳ. ನನ್ನ ಬೈರಿ, ನಾ ಇಲ್ಲೇ ಅದೇನಿ."

ಬಂಗಾಳದ ಒಬ್ಬ ಹೆಂಗಸು ನನ್ನ ಅಂಗಡಿಗೆ ಬರತೊಡಗಿದ್ದು ಅದೇ ಕಾಲಕ್ಕೆ. ಹಾನಗಲ್ಲು ರಸ್ತೆಯ ಹಳೇ ಮಿಲ್ಲಿನಲ್ಲಿ ಆಕೆಯ ಗಂಡ ಮೂಟೆ ಹೊರುತ್ತಿದ್ದ, ಆಕೆ ಶೆಡ್ಡಿನ ಮಂದಿಗೆಲ್ಲ ಅಡುಗೆ ಮಾಡುತ್ತಿದ್ದಳು. ಕನ್ನಡ ಕಲಿತದ್ದು ಸಂತೆಯಲ್ಲಿ ಮತ್ತು ಕಾಕಾನ ಹಾರ್ನಿನಲ್ಲಿ. "ಕಾಕಾ ಮೂರು ಸಲ ಹೇಳತಾರ, ಮೊದಲದಾಗ ಕೇಳತೀನಿ, ಎರಡದಾಗ ತಿಳಿತೀನಿ, ಮೂರದಾಗ ನಾನೂ ಹೇಳತೀನಿ" ಎಂದು ಆಕೆ ಹೇಳಿದಾಗ ಕಾಕಾನ ಮುಖ ನೋಡಬೇಕಿತ್ತು. ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟುಬಂದಿದ್ದ ಮಗಳನ್ನು ಜೂನಿನಲ್ಲಿ ಕರೆತಂದು ಇಲ್ಲಿಯ ಸರಕಾರಿ ಸಾಲೆಗೆ ಹಾಕುವುದು ಆಕೆಯ ಆಸೆ. ಸಾಲೆಯವರು ಬಟ್ಟೆ ಕೊಡುವ ತನಕ ಕಾಯುವ ತಾಳ್ಮೆ ಎಲ್ಲಿಯದು? ನೀಲಿ ಲಂಗ, ಬಿಳಿ ಅಂಗಿ ನನ್ನ ಕೈಯಿಂದಲೇ ಹೊಲಿಸಿದಳು. ಅಳತೆಗೆ ಹುಡುಗಿ ಇಲ್ಲ. ತನ್ನ ಸೊಂಟದ ಹತ್ತಿರ ಅಂಗೈ ಹಿಡಿದು "ಇಷ್ಟು" ಅಂದಳು. ಬೆಳೆಯುವ ಕೂಸು ಎಂದು ನಾನು ಅಂಚಿನಲ್ಲಿ ಬಟ್ಟೆ ಜಾಸ್ತಿ ಮಡಚಿ ಹೊಲಿದೆ.

ಬೇಸಿಗೆಯಲ್ಲಿ ಒಂದು ಸುದ್ದಿ ಫೋನಿನಿಂದ ಫೋನಿಗೆ ಹಬ್ಬಿತು. ಮಿಲ್ಲಿನಲ್ಲಿರುವವರು ಬಂಗಾಳದವರಲ್ಲ, ಗಡಿ ದಾಟಿ ಬಂದ ಪರದೇಶದವರು, ಮಕ್ಕಳ ಕಳ್ಳರು ಎಂದು. ನಾನು ಕಾಕಾಗೆ ಹೇಳಿದೆ, "ಅವರ ಆಧಾರ್ ಕಾರ್ಡ್ ತೋರಿಸಿಬಿಡ್ರಿ ವಿಡಿಯೋದಾಗ, ಎಲ್ಲಾರ ಬಾಯಿ ಮುಚ್ಚತೈತಿ."

ಕಾಕಾ ಒಪ್ಪಲಿಲ್ಲ. "ಇವತ್ತ ಇವರ ಕಾರ್ಡ್ ತೋರಿಸಿದೆ ಅಂತ ತಿಳ್ಕೊ. ನಾಳೆ ಕಾರ್ಡ್ ಇಲ್ಲದಾಂವ ಒಬ್ಬಾಂವ ಬಂದು ನಿಂತ್ರ ಅವಂಗ ಹೊಡೀರಿ ಅಂದಂಗ ಆಗಲಿಲ್ಲೇನು? ಗೋವಾದಾಗ ನಮ್ಮ ಹತ್ರ ಯಾವ ಕಾರ್ಡ್ ಇತ್ತು?" ಎಂದರು. ಮತ್ತೆ, "ಮಂದಿ ಕೆಟ್ಟವರಲ್ಲ ಯವ್ವಾ. ಮಾರಿ ನೋಡಿಲ್ಲ, ಅದಕ್ಕ ಅಂಜ್ಯಾರ. ಒಮ್ಮೆ ಬಂದು ಅವರ ಕೂಡ ಕುಂತರ ಎಲ್ಲಾ ಸರಿ ಹೋಗ್ತದ" ಎಂದರು.

ಕಟ್ಟೆಯ ಮೇಲೆ ಕೂತು ಲೈವ್ ಶುರು ಮಾಡಿದರು. ನಾನು ಒಳಗೆ ಯಂತ್ರ ತುಳಿಯುತ್ತಿದ್ದೆ. "ಮಿಲ್ಲಿನಾಗ ದುಡಿಯೋರು ನಮ್ಮಂಗ ಹೊಟ್ಟಿಪಾಡಿನವರು. ಅನುಮಾನ ಇದ್ದವರು ಖುದ್ದ ಬರ್ರಿ, ಅವರ ಕೂಡ ಒಂದ ಕಪ್ ಚಾ ಕುಡೀರಿ, ಮಾತಾಡ್ರಿ. ವೇಳೆ, ಮಧ್ಯಾಹ್ನದ ಊಟದ ಹೊತ್ತು. ಸ್ಥಳ, ಹಾನಗಲ್ಲ ರಸ್ತೆ, ಹಳೇ ಮಿಲ್ಲಿನ ಹಿಂದಿನ ತಗಡಿನ ಶೆಡ್." ಮೂರು ಸಲ ಹೇಳಿದರು. ಜೀವನಪೂರ್ತಿ ಹೇಳಿದ ಹಾಗೆಯೇ, ಸ್ಪಷ್ಟವಾಗಿ, ಪೂರಾ.

ಚಹಾ ಕುಡಿಯಲು ಯಾರೂ ಬರಲಿಲ್ಲ. ಬೈಕುಗಳ ಮೇಲೆ ಬಂದರು, ಎಲ್ಲಿಯವರೋ ಏನೋ, ನಮ್ಮ ಊರಿನ ಮುಖಗಳು ಕಡಿಮೆ. ಕಾಕಾನ ವಿಡಿಯೋ ಬರುವ ತನಕ ಅವರಿಗೆ ಯಾವ ಮಿಲ್ಲು ಎಂದೇ ಗೊತ್ತಿರಲಿಲ್ಲ. ಉಣ್ಣಲು ಕೂತಿದ್ದವರ ತಾಟು ಒದ್ದರು, ಅನ್ನದ ಪಾತ್ರೆ ಉರುಳಿಸಿದರು, ಆಕೆಯ ಗಂಡನ ತಲೆ ಒಡೆದರು. ಪೊಲೀಸರು ಬರುವಷ್ಟರಲ್ಲಿ ಶೆಡ್ಡಿನ ತಗಡು ನೆಲದ ಮೇಲಿತ್ತು. ಕಾಕಾ ವಿಡಿಯೋ ಅಳಿಸಿದರು. ಅಳಿಸಿದರೆ ಏನು ಬಂತು? ಅದಾಗಲೇ ನೂರಾರು ಫೋನುಗಳಲ್ಲಿ ಇವರ ದನಿಯೇ "ಸ್ಥಳ, ಸ್ಥಳ" ಎನ್ನುತ್ತಿತ್ತು. ಮಿಲ್ಲಿನ ಮಾಲೀಕ ಶೆಡ್ಡಿನವರನ್ನೆಲ್ಲ ಊರು ಬಿಡಿರೆಂದು ಟೆಂಪೋ ಹತ್ತಿಸಿಬಿಟ್ಟ.

ಹಾವೇರಿ ಸ್ಟೇಷನ್ನಿನಲ್ಲಿ ಹೊಡೆಯಲು ಯಾರಾದರೂ ಕಾಯುತ್ತಿರಬಹುದೆಂಬ ಅಂಜಿಕೆಗೆ ಅವರು ದೂರದ ಯಲವಿಗಿ ಸ್ಟೇಷನ್ನಿಗೆ ಹೋಗಿದ್ದರು. ಮರುದಿನ ಮುಂಜಾನೆ ಕಾಕಾ, ನಾನು ಅದೇ ಆಟೋದಲ್ಲಿ ಹೋದೆವು. ಹಾರ್ನ್ ಬಿಚ್ಚಿ ಒಳಗಿಟ್ಟಿದ್ದರು. ದಾರಿಯುದ್ದಕ್ಕೂ ಕಾಕಾನ ತೊಡೆಯ ಮೇಲೆ, ನನ್ನ ಅಂಗಡಿಯಲ್ಲೇ ಉಳಿದಿದ್ದ ನೀಲಿ ಲಂಗದ ಪೊಟ್ಟಣ. ಆಕೆ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಗಂಡನ ತಲೆಯ ಪಟ್ಟಿ ಸರಿಮಾಡುತ್ತ ಕೂತಿದ್ದಳು. ಕಾಕಾನನ್ನು ನೋಡಿ ಎದ್ದು ನಿಂತಳು, ಸೆರಗು ಹೊದ್ದಳು. ಹಿರಿಯರು ಬಂದರೆ ಮಾಡುವಂತೆಯೇ. ಆಮೇಲೆ ಕೇಳಿದಳು, ಸಿಟ್ಟೇ ಇಲ್ಲದ ದನಿಯಲ್ಲಿ:

"ಕಾಕಾ, ನಮ್ಮ ಜಾಗಾ ಯಾಕ ಹೇಳಿದ್ರಿ?"

ಗದ್ದದ ಕೆಳಗಿನ ಮುಷ್ಟಿ ಬಿಚ್ಚಿಕೊಂಡು ಕೆಳಗೆ ಬಿತ್ತು. "ತಪ್ಪಾತವ್ವಾ" ಎಂದರು ಕಾಕಾ. ಒಂದೇ ಸಲ. ಊರಿಗೆಲ್ಲ ಮೂರು ಸಲ ಹೇಳುತ್ತಿದ್ದ ಬಾಯಿಗೆ ಎರಡನೇ ಸಲ ಬರಲಿಲ್ಲ. ಪೊಟ್ಟಣ ಕೊಟ್ಟರು. ಆಕೆ ಬಿಚ್ಚಿ ನೋಡಲಿಲ್ಲ, ಚೀಲಕ್ಕೆ ಹಾಕಿಕೊಂಡಳು. ಗಾಡಿ ಬಂತು, ಹೋಯಿತು. "ಮುಟ್ಟಿದ ಮ್ಯಾಲೆ ಫೋನ್ ಮಾಡವ್ವಾ" ಎಂದು ನಾನೇ ಕೂಗಿದೆ. ಕೇಳಿಸಿತೋ ಇಲ್ಲವೋ.

ಅಲ್ಲಿಂದಾಚೆ ಕಾಕಾ ಮೈಕ್ ಹಿಡಿಯಲಿಲ್ಲ. ಸಂಘದವರು ಬಂದು, ತಪ್ಪು ನಿಮ್ಮದಲ್ಲ, ಹೊಡೆದವರದು ಎಂದು ಎಷ್ಟು ಹೇಳಿದರೂ ಅಷ್ಟೇ. ನಾನೂ ಜಗಳವಾಡಿದೆ. "ನೀವು ಚಾ ಕುಡೀರಿ ಅಂದ್ರಿ, ಅವರು ತಲಿ ಒಡದ್ರು. ಅದಕ್ಕ ನೀವೇನು ಮಾಡೀರಿ?" ಕಾಕಾ ಹೇಳಿದರು, "ಗೋವಾದಾಗ ಸ್ಥಳ ಹೇಳಿ ಉಳಿಸಿದ್ದೆ. ಇಲ್ಲಿ ಹೇಳಿ ಕೆಡಿಸಿದೆ. ಅದ ಬಾಯಿ ನೋಡು." ದಿನಾ ಬಂದು ಕಟ್ಟೆಯ ಮೇಲೆ ಕೂತು ಕೇಳುವುದು ಒಂದೇ: "ಆಕಿ ಸುದ್ದಿ ಬಂತೇನು ಯವ್ವಾ? ಆ ಹುಡುಗಿ ಸಾಲಿಗೆ ಹ್ವಾದಳೇನು?" ನಾನು ಫೋನ್ ಹಚ್ಚುತ್ತಿದ್ದೆ. ಸ್ವಿಚ್ ಆಫ್. ಮಳೆಗಾಲ ಮುಗಿದು ಭತ್ತದ ಸುಗ್ಗಿ ಬಂತು, ಮಿಲ್ಲಿಗೆ ಬೇರೆ ಮಂದಿ ಬಂದರು, ಆ ಫೋನು ಮಾತ್ರ ಆನ್ ಆಗಲಿಲ್ಲ. ಕಾಕಾ ಸೊರಗಿದರು. ಡಾಕ್ಟರು ಎದೆಯ ತೊಂದರೆ ಅಂದರು, ಗುಳಿಗೆ ಕೊಟ್ಟರು. ಎದೆಯ ತೊಂದರೆ ಹೌದು, ಆದರೆ ಗುಳಿಗೆಗೆ ಹೋಗುವಂಥದ್ದಲ್ಲ.

ಚಳಿಗಾಲದ ಒಂದು ಬೆಳಿಗ್ಗೆ ಹೋಗಿಬಿಟ್ಟರು. ಆಟೋದ ಗೆಳೆಯ ಹಾರ್ನ್ ಕಟ್ಟಿಕೊಂಡು ಹೊರಟ, ರೆಕಾರ್ಡ್ ಬೇಡವೆಂದ. ಆದರೆ "ನಮ್ಮ ಕಾಕಾ" ಎಂದಷ್ಟೇ ಹೇಳಿ ಮೈಕ್ ಕೆಳಗಿಟ್ಟ. ಸ್ಥಳ ಹೇಳುವ ಅಗತ್ಯ ಬೀಳಲಿಲ್ಲ, ಊರೇ ಅವರ ಮನೆಯ ಮುಂದೆ ಇತ್ತು. ಹೊದಿಸಿದ ಬಾವುಟ ನಾನು ಹೊಲಿದದ್ದು. ಅದರ ಎರಡನೇ ಹೊಲಿಗೆ ನೋಡಿ ನಾನು ಅತ್ತುಬಿಟ್ಟೆ.

ದಿನಕರ್ಮ ಮುಗಿದ ಮೇಲೆ, ಸಂತೆಯ ದಿನ, ನನ್ನ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ವಾಯ್ಸ್ ಮೆಸೇಜ್ ಬಂತು. ಒತ್ತಿದೆ.

"ಸಮಸ್ತ ನಾಗರಿಕರಲ್ಲಿ ವಿನಂತಿ. ಮಗಳು ಸಾಲಿಗೆ ಹೋಗತಾಳ. ಮಗಳು ಸಾಲಿಗೆ ಹೋಗತಾಳ. ಮಗಳು ಸಾಲಿಗೆ ಹೋಗತಾಳ." ನಡುವೆ ಒಂದು ಸಣ್ಣ ನಗು. "ಇಲ್ಲಿ ಸಾಲಿಯಾಗ ಹಸಿರು ಬಟ್ಟಿ ಅಕ್ಕಾ, ಆದರ ಆಕಿ ನೀಲಿದ ಹಾಕತಾಳ. ಗಿಡ್ಡ ಆಗೇದ, ಅಂಚು ಬಿಚ್ಚೀನಿ. ವೇಳೆ, ಮುಂಜಾನೆ. ಸ್ಥಳ... ಸ್ಥಳ ಹೇಳಂಗಿಲ್ಲ. ಕಾಕಾಗ ಕೇಳಸ್ರಿ ಅಕ್ಕಾ. ಸಿಟ್ಟಿಲ್ಲ ಅಂತ ಹೇಳ್ರಿ."

ಯಂತ್ರದ ಮೇಲೆ ತಲೆಯಿಟ್ಟೆ. ಆಟೋದ ಗೆಳೆಯ ಬಂದು ಏನಾಯಿತೆಂದು ಕೇಳಿದ. ಕೇಳಿಸಿದೆ. ಅವನು ಹಾರ್ನಿಗೆ ಹಚ್ಚಲು ನನ್ನ ಫೋನು ತೆಗೆದುಕೊಂಡ. ನಾನು ತಡೆದೆ, ಮತ್ತೆ ಯೋಚಿಸಿದೆ. ಅದರಲ್ಲಿ ಹೆಸರಿಲ್ಲ, ಊರಿಲ್ಲ, ಯಾರೂ ಎಲ್ಲಿಗೂ ಹೋಗಿ ಯಾರ ತಾಟೂ ಒದೆಯುವಂತಿಲ್ಲ. "ಹಾಕು" ಎಂದೆ.

ಕಾಕಾನ ಓಣಿಯಲ್ಲಿ ಆಟೋ ನಿಧಾನವಾಗಿ ಹೋಯಿತು, ಹಾರ್ನಿನಲ್ಲಿ ಆಕೆಯ ದನಿ. ಮಂದಿ ಬಾಗಿಲಿಗೆ ಬಂದರು. ಕಾಕಾನ ಹೆಂಡತಿ, ನಮ್ಮ ಕಾಕು, ಹೊಸ್ತಿಲ ಮೇಲೆ ನಿಂತು ಪೂರಾ ಕೇಳಿದರು. ಆಟೋದ ಹಿಂದೆ ನಡೆದು ಹೋಗುತ್ತಿದ್ದ ನನ್ನ ಕೈ ಹಿಡಿದು ಕೇಳಿದರು:

"ಎಲ್ಲ್ಯದಾಳವ್ವಾ ಆಕಿ?"

"ಗೊತ್ತಿಲ್ಲ ಕಾಕು."

ಕಾಕು ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಗೊತ್ತಿಲ್ಲದ್ದ ಛಲೋ ಆತು ಬಿಡು" ಎಂದರು. "ಇನ್ನೆರಡು ಸಲ ಹಚ್ಚಾಕ ಹೇಳು. ನಿಮ್ಮ ಕಾಕಾಗ ಮೂರು ಸಲ ಕೇಳಸಬೇಕು."